ಮನಸ್ಸಿದ್ದರೆ ಮಾರ್ಗ. ಮನಸ್ಸೇ ಬಾರದಿದ್ದರೆ?

1/10

ಆ ರೀಲ್ ನೀವೂ ನೋಡಿರ್ತೀರ. ವಯಸ್ಸಾದವರೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಕೈಯಲ್ಲಿ ನೀರಿನ ಲೋಟ. ನಡುಕ ಎಷ್ಟಿದೆ ಅಂದ್ರೆ ಅರ್ಧ ನೀರು ಪ್ಯಾಂಟ್ ಮೇಲೆ. ಪಕ್ಕದಲ್ಲಿದ್ದವರು ಒಂದು ಸಣ್ಣ ರಿಮೋಟ್ ಒತ್ತುತ್ತಾರೆ. ಕೆಲವೇ ಸೆಕೆಂಡಲ್ಲಿ ಕೈ ನಿಂತುಬಿಡುತ್ತೆ. ಅವರು ಲೋಟ ಎತ್ತಿ ನಿಧಾನಕ್ಕೆ ನೀರು ಕುಡೀತಾರೆ. ಹಿಂದೆ ಪಿಯಾನೊ ಮ್ಯೂಸಿಕ್. ಕಾಮೆಂಟ್ ಬಾಕ್ಸ್ ತುಂಬ ಅಳುವ ಎಮೋಜಿ, ಕೈ ಮುಗಿಯುವ ಎಮೋಜಿ.

ಆ ರೀಲ್ ಸುಳ್ಳಲ್ಲ. ಅದು ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದ್ರೆ ಡಿಬಿಎಸ್. ಪಾರ್ಕಿನ್ಸನ್ ಕಾಯಿಲೆಗೆ ಇರುವ ಅತ್ಯುತ್ತಮ ಚಿಕಿತ್ಸೆಗಳಲ್ಲಿ ಅದೂ ಒಂದು.

ಆದ್ರೆ ಆ ರೀಲ್ ಮೂವತ್ತು ಸೆಕೆಂಡಿಗೆ ಮುಗಿಯುತ್ತೆ. ಆ ವ್ಯಕ್ತಿ ಮನೆಗೆ ಹೋದ ಮೇಲೆ ಏನಾಯ್ತು? ನಾಲ್ಕು ತಿಂಗಳಾದ ಮೇಲೆ ಅವರು ಬೆಳಿಗ್ಗೆ ಎದ್ದು ಏನು ಮಾಡ್ತಿದ್ದಾರೆ? ಏನಾದ್ರೂ ಮಾಡ್ಬೇಕು ಅಂತ ಅವರಿಗೆ ಅನ್ನಿಸ್ತಾ ಇದೆಯಾ?

ಈ ಸರಣಿ ಆ ಪ್ರಶ್ನೆ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಈ ಆಪರೇಷನ್ ಗೆದ್ದಿತೋ ಇಲ್ಲವೋ ಅನ್ನೋದನ್ನು ಕೈ ನೋಡಿ ಮಾತ್ರ ತೀರ್ಮಾನಿಸಬಾರದು. ಮನಸ್ಸನ್ನೂ ನೋಡಬೇಕು. ಅದನ್ನು ಆಪರೇಷನ್‌ಗೆ ಮುಂಚೆಯೇ ಮನೆಯವರನ್ನೆಲ್ಲ ಕೂರಿಸಿ ಹೇಳಬೇಕು.

2/10

ಮೊದಲು ಇದು ಏನು ಅಂತ ನೋಡೋಣ. ಬಯಾಲಜಿ ಬಿಟ್ಟವರು ಹೆದರಬೇಡಿ.

ಪಾರ್ಕಿನ್ಸನ್‌ನಲ್ಲಿ ಮಿದುಳಿನ ಆಳದಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುತ್ತವೆ. ಅದರಿಂದ ಕೈ ನಡುಕ, ಬಿಗಿತ, ನಿಧಾನ. ಲೆವೊಡೋಪಾ ಮಾತ್ರೆ ಕೊಡ್ತಾರೆ. ಮೊದಮೊದಲು ಚೆನ್ನಾಗಿ ಕೆಲಸ ಮಾಡುತ್ತೆ. ವರ್ಷಗಳು ಕಳೆದ ಮೇಲೆ ಮಾತ್ರೆಯ ಪ್ರಭಾವ ಬೇಗ ಇಳಿಯೋಕೆ ಶುರುವಾಗುತ್ತೆ, ಅಥವಾ ಮೈ ತನ್ನಷ್ಟಕ್ಕೆ ಬಳುಕೋಕೆ ಶುರುವಾಗುತ್ತೆ.

1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಅಲಿಂ-ಲೂಯಿ ಬೆನಬಿದ್ ಮತ್ತು ಪಿಯರ್ ಪೊಲಾಕ್ ನಡುಕ ನಿಲ್ಲಿಸಲು ಹೊಸ ದಾರಿ ಹಿಡಿದರು. ಅಲ್ಲಿಯವರೆಗೆ ಮಿದುಳಿನ ಒಂದು ಚುಕ್ಕೆಯಷ್ಟು ಜಾಗವನ್ನು ಸುಟ್ಟುಹಾಕುತ್ತಿದ್ದರು. ಸುಡುವ ಮೊದಲು ಜಾಗ ಸರಿಯಿದೆಯಾ ಅಂತ ಸಣ್ಣ ಕರೆಂಟ್ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಕರೆಂಟ್ ಮಿಡಿದಾಗ ನಡುಕ ನಿಲ್ಲುತ್ತದೆ ಅಂತ ಕಂಡುಬಂತು. ಹಾಗಾದ್ರೆ ಸುಡೋದ್ಯಾಕೆ, ತಂತಿಯನ್ನು ಒಳಗೇ ಬಿಟ್ಟರಾಯ್ತು.

ಇವತ್ತು ಪಾರ್ಕಿನ್ಸನ್‌ಗೆ ಹೆಚ್ಚಾಗಿ ಆರಿಸುವ ಜಾಗದ ಹೆಸರು ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಉದ್ದ ಹೆಸರು, ಗಾತ್ರ ಒಂದು ಕಡಲೆಬೀಜಕ್ಕಿಂತ ದೊಡ್ಡದಲ್ಲ. ಎರಡೂ ಕಡೆ ಎಲೆಕ್ಟ್ರೋಡ್ ಇಳಿಸಿ, ಚರ್ಮದ ಕೆಳಗೆ ತಂತಿ ಎಳೆದು, ಎದೆಯ ಮೇಲ್ಭಾಗದಲ್ಲಿ ಬ್ಯಾಟರಿ ಕೂರಿಸ್ತಾರೆ.

ಕೆಲಸ ಮಾಡುತ್ತಾ? ಮಾಡುತ್ತೆ. 2006ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ 156 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯ್ತು. ಡಿಬಿಎಸ್ ಮಾಡಿಸಿಕೊಂಡವರ ಬದುಕಿನ ಗುಣಮಟ್ಟ ಆರು ತಿಂಗಳಲ್ಲಿ ಸುಮಾರು ಕಾಲು ಭಾಗದಷ್ಟು ಉತ್ತಮವಾಗಿತ್ತು. ಬರೀ ಮಾತ್ರೆಯಲ್ಲಿದ್ದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮುಂದೆ ಓದುವಾಗ ಇದನ್ನು ಮರೀಬೇಡಿ. ಆಪರೇಷನ್ ಬೇಡ ಅನ್ನೋದು ನನ್ನ ವಾದ ಅಲ್ಲವೇ ಅಲ್ಲ.

3/10

ಈಗ 1999ರ ಪ್ಯಾರಿಸ್‌ಗೆ ಬನ್ನಿ.

65 ವರ್ಷದ ಒಬ್ಬ ಮಹಿಳೆ. ವರ್ಷಗಟ್ಟಲೆ ಪಾರ್ಕಿನ್ಸನ್ ಅನುಭವಿಸಿದವರು. ಮಾನಸಿಕ ಕಾಯಿಲೆ ಯಾವತ್ತೂ ಇರಲಿಲ್ಲ. ಡಿಬಿಎಸ್ ಆದ ಮೇಲೆ ವೈದ್ಯರು ಎಲೆಕ್ಟ್ರೋಡ್‌ನ ಯಾವ ಬಿಂದುವಿನಿಂದ ಕರೆಂಟ್ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಒಂದೊಂದಾಗಿ ನೋಡ್ತಾ ಇದ್ದರು.

ಒಂದು ಬಿಂದುವಿನಲ್ಲಿ ಕರೆಂಟ್ ಹರಿದ ಕೆಲವೇ ಸೆಕೆಂಡಲ್ಲಿ ಆಕೆಯ ಮುಖ ಬಾಡಿತು. ಕುರ್ಚಿಯಲ್ಲಿ ಕುಸಿದು ಅಳೋಕೆ ಶುರು ಮಾಡಿದರು. ಬದುಕು ಸಾಕಾಗಿದೆ, ಏನೂ ಬೇಡ ಅನ್ನುವ ಮಾತು. ಕರೆಂಟ್ ನಿಲ್ಲಿಸಿದರು. ಒಂದೂವರೆ ನಿಮಿಷದೊಳಗೆ ಆ ದುಃಖ ಮಾಯ. ಆಮೇಲಿನ ಕೆಲವು ನಿಮಿಷ ಆಕೆ ಎಷ್ಟು ಖುಷಿಯಲ್ಲಿದ್ದರು ಅಂದ್ರೆ, ತಮಾಷೆಗೆ ಡಾಕ್ಟರ ಟೈ ಹಿಡಿದು ಎಳೆದರಂತೆ.

ದುಃಖ ತಂದ ಬಿಂದುವಿಗೂ ನಡುಕ ನಿಲ್ಲಿಸಿದ ಬಿಂದುವಿಗೂ ಇದ್ದ ಅಂತರ ಎಷ್ಟು ಗೊತ್ತಾ? 2 ಮಿಲಿಮೀಟರ್. ನಿಮ್ಮ ಸ್ಕೇಲ್ ತೆಗೆದು ನೋಡಿ.

ಆಕೆಗೆ ಆ ಕ್ಷಣ ಯಾವ ಕೆಟ್ಟ ಸುದ್ದಿಯೂ ಬಂದಿರಲಿಲ್ಲ, ಯಾರೂ ಬೈದಿರಲಿಲ್ಲ. ಆದರೂ ದುಃಖ ಮಾತ್ರ ನಿಜವಾದದ್ದೇ. ಈ ಘಟನೆ ತುಂಬ ಅಪರೂಪದ್ದು, ಎಲ್ಲರಿಗೂ ಹೀಗಾಗಲ್ಲ. ಆದ್ರೆ ನಡೆಯುವ ಶಕ್ತಿಯನ್ನೂ ಬದುಕುವ ಆಸೆಯನ್ನೂ ನೋಡಿಕೊಳ್ಳುವ ತಂತುಗಳು ಮಿದುಳಿನಲ್ಲಿ ಎಷ್ಟು ಒತ್ತೊತ್ತಾಗಿ ಇವೆ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

4/10

ಆ ಕಡಲೆಬೀಜದಷ್ಟು ಜಾಗ ಮಾಡುವ ಇನ್ನೊಂದು ಕೆಲಸ ಇದೆ: ಬ್ರೇಕ್ ಹಾಕೋದು.

ಎರಡು ಒಳ್ಳೆಯ ಆಯ್ಕೆ ಎದುರಿಗೆ ಬಂದಾಗ ನಾವು ಒಂದು ಕ್ಷಣ ತಡೆದು ಯೋಚಿಸ್ತೀವಿ. ಆ ತಡೆಯುವಿಕೆಯಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ಪಾತ್ರ ಇದೆ. 2007ರಲ್ಲಿ ಮೈಕೆಲ್ ಫ್ರ್ಯಾಂಕ್ ಮತ್ತವರ ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಕಷ್ಟದ ಆಯ್ಕೆ ಬಂದಾಗ ಎಲ್ಲರೂ ನಿಧಾನಿಸುತ್ತಾರೆ. ಡಿಬಿಎಸ್ ಆನ್ ಇದ್ದವರು ನಿಧಾನಿಸಲಿಲ್ಲ, ಇನ್ನೂ ಬೇಗ ಆರಿಸಿಬಿಟ್ಟರು.

ಕೆಲವರಲ್ಲಿ ಇದು ಅತಿಗೆ ಹೋಗುತ್ತೆ. ನಿದ್ದೆ ಬೇಡ, ಮಾತು ನಿಲ್ಲಲ್ಲ, ದುಡ್ಡು ಕೈಯಲ್ಲಿ ನಿಲ್ಲಲ್ಲ. ಇದಕ್ಕೆ ಮೇನಿಯಾ ಅಂತಾರೆ. ನೆದರ್‌ಲ್ಯಾಂಡ್ಸ್‌ನಿಂದ 2004ರಲ್ಲಿ ವರದಿಯಾದ ಒಂದು ಪ್ರಕರಣ ಓದಿದ ಮೇಲೆ ನನಗೆ ಎರಡು ದಿನ ತಲೆಯಿಂದ ಹೋಗಲಿಲ್ಲ. ಅರವತ್ತು ದಾಟಿದ ಒಬ್ಬ ರೋಗಿ. ಯಂತ್ರ ಆನ್ ಇದ್ದರೆ ಕೈಕಾಲು ಆಡುತ್ತೆ, ಆದ್ರೆ ಮೇನಿಯಾ. ಆಫ್ ಮಾಡಿದರೆ ತಲೆ ಸ್ವಸ್ಥ, ಆದ್ರೆ ಹಾಸಿಗೆಯಿಂದ ಏಳಕ್ಕಾಗಲ್ಲ. ಸೆಟ್ಟಿಂಗ್ ಬದಲಾಯಿಸಿದರೂ, ಔಷಧಿ ಕೊಟ್ಟರೂ ನಡುವಿನ ದಾರಿ ಸಿಗಲಿಲ್ಲ. ಕೊನೆಗೆ ಯಂತ್ರ ಆಫ್ ಮಾಡಿ, ಅವರ ಬುದ್ಧಿ ಸ್ಥಿಮಿತದಲ್ಲಿದ್ದಾಗ ಕೇಳಿದರು: ಯಾವುದು ಬೇಕು? ಅವರು ಆನ್ ಇರಲಿ ಅಂದರು. ಹಾಗಾಗಿ ಮನೋರೋಗ ಆಸ್ಪತ್ರೆಯಲ್ಲಿ ಉಳಿಯಬೇಕಾಯ್ತು.

ನೀವಾಗಿದ್ದರೆ ಏನು ಆರಿಸ್ತಿದ್ರಿ? ಕಾಮೆಂಟ್‌ನಲ್ಲಿ ಬರೀರಿ. ಆದ್ರೆ ಬರೆಯೋ ಮುಂಚೆ ಹತ್ತು ನಿಮಿಷ ಕದಲದೆ ಮಲಗಿ ನೋಡಿ.

5/10

ಮೇನಿಯಾ ಎದ್ದು ಕಾಣುತ್ತೆ, ಹಾಗಾಗಿ ಯಾರಾದರೂ ಡಾಕ್ಟರಿಗೆ ಫೋನ್ ಮಾಡ್ತಾರೆ. ಕಾಣದೇ ಹೋಗೋದು ಇದರ ವಿರುದ್ಧ ತುದಿ. ನಾನು ಇಷ್ಟುದ್ದ ಬರೆಯೋಕೆ ಕಾರಣವೇ ಅದು. ಹೆಸರು ನಿರಾಸಕ್ತಿ.

ಹೀಗೊಂದು ಮನೆ ಕಲ್ಪಿಸಿಕೊಳ್ಳಿ. ಅಜ್ಜನಿಗೆ ಆಪರೇಷನ್ ಆಗಿದೆ. ಲಕ್ಷಗಟ್ಟಲೆ ಖರ್ಚು. ನಡುಕ ಹೋಗಿದೆ. ಶರ್ಟಿನ ಗುಂಡಿ ತಾವೇ ಹಾಕಿಕೊಳ್ಳಬಲ್ಲರು. ಆದ್ರೆ ಯಾರಾದ್ರೂ ಹೇಳದೆ ಹಾಕಿಕೊಳ್ಳಲ್ಲ. ಪೇಪರ್ ಎದುರಿಗೇ ಇದೆ, ತೆಗೆಯಲ್ಲ. ದಿನಾ ಸಂಜೆ ಕಟ್ಟೆಗೆ ಹೋಗ್ತಿದ್ದವರು ಈಗ ಹೋಗಲ್ಲ. ಮೊಮ್ಮಗಳು ಬಂದ್ರೆ ನಗ್ತಾರೆ, ಹೋದ್ರೆ ಯಾಕೆ ಹೋದೆ ಅನ್ನಲ್ಲ.

"ಬೇಜಾರಾಗಿದೆಯಾ ಅಜ್ಜ?"
"ಇಲ್ಲ."
"ಎಲ್ಲಾದ್ರೂ ನೋವಾ?"
"ಇಲ್ಲ."
"ಮತ್ತೆ ಯಾಕೆ ಸುಮ್ಮನೆ ಕೂತಿದ್ದೀರ?"
"ಸುಮ್ಮನೆ."

ಈ ಉತ್ತರ ಸುಳ್ಳಲ್ಲ. ಖಿನ್ನತೆ ಇದ್ದವರಿಗೆ ಒಳಗೆ ನೋವಿರುತ್ತೆ. ನಿರಾಸಕ್ತಿ ಇದ್ದವರಿಗೆ ಎಷ್ಟೋ ಸಲ ಆ ನೋವೂ ಇರಲ್ಲ, ಬೇಕು ಅನ್ನೋದೇ ಇರಲ್ಲ. ನಮ್ಮ ಭಾಷೆ ಇದನ್ನು ಎಷ್ಟು ಸರಿಯಾಗಿ ಹಿಡಿದಿದೆ ನೋಡಿ: ಆಸೆ ಇಲ್ಲ ಅನ್ನೋದಕ್ಕೆ ನಾವು "ಮನಸ್ಸಿಲ್ಲ" ಅಂತೀವಿ.

ಇದು ಎಷ್ಟು ಜನರಿಗಾಗುತ್ತೆ? ಫ್ರಾನ್ಸ್‌ನ ಗ್ರೆನೋಬಲ್ ಮತ್ತು ಲಿಯೋನ್ ತಂಡಗಳು ಡಿಬಿಎಸ್ ಆದ 63 ರೋಗಿಗಳನ್ನು ಒಂದು ವರ್ಷ ಗಮನಿಸಿ 2010ರಲ್ಲಿ ವರದಿ ಮಾಡಿದವು. ಅವರಲ್ಲಿ 34 ಮಂದಿಗೆ ನಿರಾಸಕ್ತಿ ಬಂತು. ಸರಾಸರಿ ಐದನೇ ತಿಂಗಳ ಹೊತ್ತಿಗೆ. ಅಂದ್ರೆ ಹೊಲಿಗೆ ಮಾಸಿ, ನೆಂಟರು ಬಂದು ನೋಡಿ ಹೋಗಿ, ಎಲ್ಲರೂ "ಸದ್ಯ, ಗೆದ್ದೆವು" ಅಂದುಕೊಂಡ ಮೇಲೆ.

6/10

ಯಾಕೆ ಹೀಗೆ?

ಡೋಪಮೈನ್‌ಗೆ ಕೆಲಸ ಒಂದಲ್ಲ. ಒಂದು ದಾರಿಯಲ್ಲಿ ಅದು ಕೈಕಾಲು ಆಡಿಸಲು ಬೇಕು. ಇನ್ನೊಂದು ದಾರಿಯಲ್ಲಿ "ಎದ್ದು ಮಾಡು, ಚೆನ್ನಾಗಿರುತ್ತೆ" ಅನ್ನೋ ಹುಮ್ಮಸ್ಸಿಗೆ ಬೇಕು. ಪಾರ್ಕಿನ್ಸನ್ ಕೆಲವರಲ್ಲಿ ಎರಡೂ ದಾರಿಯನ್ನು ಕೆಡಿಸಿರುತ್ತೆ. ಮಾತ್ರೆ ಎರಡಕ್ಕೂ ಹೋಗುತ್ತೆ. ಎಲೆಕ್ಟ್ರೋಡ್ ಸರಿಪಡಿಸೋದು ಮುಖ್ಯವಾಗಿ ಕೈಕಾಲಿನ ದಾರಿಯನ್ನು.

ಆಪರೇಷನ್ ಆಯ್ತು, ನಡುಕ ನಿಂತಿತು. ಇನ್ನು ಇಷ್ಟು ಮಾತ್ರೆ ಯಾಕೆ ಅಂತ ಕಡಿಮೆ ಮಾಡ್ತಾರೆ. ಆ ಫ್ರೆಂಚ್ ಅಧ್ಯಯನದಲ್ಲಿ ಡೋಪಮೈನ್ ಔಷಧಿಯನ್ನು ಶೇ 82ರಷ್ಟು ಇಳಿಸಿದ್ದರು. ಕೈಗೆ ಏನೂ ಆಗಲಿಲ್ಲ, ಕರೆಂಟ್ ಇತ್ತಲ್ಲ. ಆದ್ರೆ ಹುಮ್ಮಸ್ಸಿನ ದಾರಿ ಮಾತ್ರೆಯ ಮೇಲೇ ನಿಂತಿತ್ತು. ನಿರಾಸಕ್ತಿ ಬಂದವರಲ್ಲಿ ಆ ದಾರಿಯ ಡೋಪಮೈನ್ ತಂತುಗಳು ಮೊದಲೇ ಹೆಚ್ಚು ನಶಿಸಿದ್ದವು ಅಂತ ಸ್ಕ್ಯಾನ್‌ನಲ್ಲಿ ಕಂಡಿತು.

ಮಾತ್ರೆ ಇಳಿಸೋದೇ ತಪ್ಪು ಅನ್ನಬೇಡಿ. ಅದಕ್ಕೂ ಕಾರಣ ಇದೆ. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಡೋಪಮೈನ್ ಮಾತ್ರೆಗಳಿಂದ ಜೂಜು, ಮಿತಿಮೀರಿದ ಶಾಪಿಂಗ್, ತಿನ್ನುವ ಚಟ, ಲೈಂಗಿಕ ಚಟ ಬರಬಹುದು. ಉತ್ತರ ಅಮೆರಿಕದಲ್ಲಿ 3090 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಚಟ ಶೇ 13.6 ಮಂದಿಯಲ್ಲಿ ಇತ್ತು. ಡಿಬಿಎಸ್ ಆಗಿ ಮಾತ್ರೆ ಇಳಿದ ಮೇಲೆ ಇಂಥ ಚಟದಿಂದ ಹೊರಬಂದು ಸಂಸಾರ ಉಳಿದವರೂ ಇದ್ದಾರೆ.

ಒಂದು ಕಡೆ ಹೆಚ್ಚಾದರೆ ಜೂಜು, ಇನ್ನೊಂದು ಕಡೆ ಕಡಿಮೆಯಾದರೆ ನಿರಾಸಕ್ತಿ. ನಡುವೆ ಆ ಮನುಷ್ಯನಿಗೆ ಸರಿಹೊಂದುವ ಒಂದು ಅಳತೆ ಇದೆ. ಅದನ್ನು ಹುಡುಕೋಕೆ ತಿಂಗಳುಗಳು ಬೇಕು, ಮನೆಯವರ ಸಹಾಯವೂ ಬೇಕು. ಒಳ್ಳೆ ಸುದ್ದಿ ಅಂದ್ರೆ, ಆ 34 ಜನರಲ್ಲಿ ಅರ್ಧದಷ್ಟು ಮಂದಿ ವರ್ಷ ತುಂಬುವಷ್ಟರಲ್ಲಿ ಹೊರಬಂದರು. ಡೋಪಮೈನ್ ದಾರಿಯ ಮೇಲೆ ಕೆಲಸ ಮಾಡುವ ಪಿರಿಬೆಡಿಲ್ ಅನ್ನೋ ಔಷಧಿಯಿಂದ ಈ ನಿರಾಸಕ್ತಿ ಕಡಿಮೆಯಾಗುತ್ತೆ ಅಂತ 2013ರ ಪ್ರಯೋಗ ತೋರಿಸಿತು.

7/10

ಈಗ ಮತ್ತೆ ಆ ಅಜ್ಜನ ಮನೆಗೆ.

ಇದೆಲ್ಲ ಯಾರೂ ಹೇಳಿಲ್ಲ ಅಂದ್ಕೊಳ್ಳಿ. ಮನೆಯವರು ಏನು ತಿಳ್ಕೋತಾರೆ? "ಇಷ್ಟು ಖರ್ಚು ಮಾಡಿದ್ವಿ, ಈಗಾದ್ರೂ ಎದ್ದು ಓಡಾಡಬಾರದಾ?" "ಆರಾಮ ರೂಢಿಯಾಗಿಬಿಟ್ಟಿದೆ." "ಮನಸ್ಸು ಮಾಡಿದ್ರೆ ಆಗಲ್ವಾ?"

ಕಾಯಿಲೆ ಇದ್ದಾಗ ಕರುಣೆ ಇತ್ತು. ಕಾಯಿಲೆ ಕಾಣದಂತೆ ಆದ ಮೇಲೆ ಕರುಣೆಯೂ ಹೋಯ್ತು.

ಪ್ಯಾರಿಸ್‌ನ ವೈದ್ಯರು ಡಿಬಿಎಸ್ ಆದ 29 ರೋಗಿಗಳನ್ನು ಕೂರಿಸಿ ವಿವರವಾಗಿ ಮಾತಾಡಿಸಿ 2006ರಲ್ಲಿ ಬರೆದರು. ಎಲ್ಲರ ಮೈ ಸುಧಾರಿಸಿತ್ತು. ಆದರೂ ಹಲವರಿಗೆ ಗಂಡ-ಹೆಂಡತಿ ನಡುವೆ ಜಗಳ, ಕೆಲಸದಲ್ಲಿ ಆಸಕ್ತಿ ಇಲ್ಲ, ತಮ್ಮ ಮೈಯೇ ತಮ್ಮದಲ್ಲ ಅನ್ನೋ ಭಾವನೆ. ಯೋಚಿಸಿ ನೋಡಿ: ಹತ್ತು-ಹದಿನೈದು ವರ್ಷ ಒಬ್ಬರು ನೋಡಿಕೊಳ್ಳುವವರು, ಇನ್ನೊಬ್ಬರು ನೋಡಿಸಿಕೊಳ್ಳುವವರು ಆಗಿದ್ದರು. ಒಂದು ಬೆಳಿಗ್ಗೆ ಆ ಪಾತ್ರಗಳು ಕರಗಿಹೋದವು. ಮುಂದೆ ಯಾರು ಏನು?

ಇದೆಲ್ಲ ಕರೆಂಟಿನಿಂದಲೇ ಬಂತು ಅನ್ನೋಕಾಗಲ್ಲ. ಕಾಯಿಲೆ, ಮಾತ್ರೆ, ವಯಸ್ಸು, ಸಂಬಂಧ, ನಿರೀಕ್ಷೆ ಎಲ್ಲ ಕಲೆತಿರುತ್ತೆ. "ಡಿಬಿಎಸ್ ಮನುಷ್ಯನ ವ್ಯಕ್ತಿತ್ವವನ್ನೇ ಬದಲಿಸುತ್ತೆ" ಅನ್ನೋ ದೊಡ್ಡ ಮಾತಿಗೆ ಸಾಕ್ಷ್ಯ ಸಾಲದು ಅಂತ ಫ್ರೆಡರಿಕ್ ಗಿಲ್ಬರ್ಟ್ ಅವರಂಥ ನೀತಿಶಾಸ್ತ್ರಜ್ಞರು ವಾದಿಸಿದ್ದಾರೆ. ಆ ಎಚ್ಚರಿಕೆ ಸರಿ. ಆದ್ರೆ ಕಾರಣ ಯಾವುದೇ ಇರಲಿ, ಐದನೇ ತಿಂಗಳು ಆ ಮನೆಯಲ್ಲಿ ಕೇಳೋರು ಒಬ್ಬರು ಬೇಕು.

8/10

ಈ ಪೋಸ್ಟ್‌ನಲ್ಲಿ ಆತ್ಮಹತ್ಯೆಯ ವಿಷಯ ಇದೆ. ಇವತ್ತು ಓದೋದು ಬೇಡ ಅನ್ನಿಸಿದ್ರೆ 9ಕ್ಕೆ ಹೋಗಿ.

2008ರಲ್ಲಿ 55 ಕೇಂದ್ರಗಳ 5311 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನ ಬಂತು. ಡಿಬಿಎಸ್ ಆದವರಲ್ಲಿ ಶೇ 0.45 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಶೇ 0.90 ಮಂದಿ ಪ್ರಯತ್ನಿಸಿದ್ದರು. ಅಪಾಯ ಹೆಚ್ಚಿದ್ದದ್ದು ಮೊದಲ ವರ್ಷ. ಆಮೇಲೆ 2013ರಲ್ಲಿ, ಡಿಬಿಎಸ್ ಮಾಡಿಸಿಕೊಂಡವರನ್ನೂ ಬರೀ ಔಷಧಿಯಲ್ಲಿದ್ದವರನ್ನೂ ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಆ ಎರಡು ಗುಂಪುಗಳ ನಡುವೆ ಇಂಥ ಯೋಚನೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅರ್ಥವಾಗೋದು ಇಷ್ಟು: ಇದು ಅಪರೂಪ. ಆದ್ರೆ ಮೊದಲ ವರ್ಷ ಯಾರಾದರೂ ನೇರವಾಗಿ ಕೇಳಬೇಕು. ಮೊದಲೇ ಖಿನ್ನತೆ ಇದ್ದವರನ್ನು ಇನ್ನೂ ಹತ್ತಿರದಿಂದ ನೋಡಬೇಕು. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನೋ ಭಯ ಬೇಡ. ಕೇಳೋದರಿಂದ ಹಾಗಾಗಲ್ಲ.

ನಿಮಗೋ ನಿಮ್ಮವರಿಗೋ, ಯಾವ ಕಾರಣಕ್ಕೇ ಆಗಲಿ, ಬದುಕು ಬೇಡ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

9/10

ಈಗ ನನ್ನ ಬೇಡಿಕೆಗಳು. ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನೇ ಬಿಡಿಸಿ ಓದಿ: ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ಕಟ್ಟಿದ ಸಂಸ್ಥೆ ಅದು. ಡಿಬಿಎಸ್ ಕೂಡ ಅಲ್ಲಿ ನಡೆಯುತ್ತೆ. ನರ ಬೇರೆ, ಮನಸ್ಸು ಬೇರೆ ಅಂತ ಬಾಗಿಲು ಬೇರೆ ಮಾಡಬಾರದು ಅನ್ನೋ ತಿಳಿವಳಿಕೆ ನಮ್ಮೂರಿಗೆ ಹೊಸದಲ್ಲ. ಅದು ಈ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯಲ್ಲೂ ಇರಬೇಕು.

ಒಂದು: ಆಪರೇಷನ್‌ಗೆ ಮುಂಚೆ ಮನೋವೈದ್ಯರು ರೋಗಿಯ ಜೊತೆ ಮನೆಯವರನ್ನೂ ಕೂರಿಸಿ, ಅವರ ಭಾಷೆಯಲ್ಲಿ, ನಿರಾಸಕ್ತಿ ಅಂದ್ರೆ ಏನು ಅಂತ ಹೇಳಬೇಕು. ಸಹಿ ಹಾಕಿಸುವ ಇಂಗ್ಲಿಷ್ ಫಾರಂನ ಒಂದು ಸಾಲು ಸಾಲದು.

ಎರಡು: ಎಲೆಕ್ಟ್ರೋಡ್ ಎಲ್ಲಿ ಇಡಬೇಕು ಅನ್ನೋ ಚರ್ಚೆಯಲ್ಲಿ ಮನಸ್ಸಿಗೂ ಒಂದು ಮತ ಇರಬೇಕು. ಇನ್ನೊಂದು ಜಾಗ ಇದೆ, ಗ್ಲೋಬಸ್ ಪ್ಯಾಲಿಡಸ್. ಅಮೆರಿಕದಲ್ಲಿ 299 ರೋಗಿಗಳಲ್ಲಿ ಎರಡೂ ಜಾಗಗಳನ್ನು ಹೋಲಿಸಿದ 2010ರ ಅಧ್ಯಯನದಲ್ಲಿ ಚಲನೆ ಎರಡರಲ್ಲೂ ಒಂದೇ ರೀತಿ ಸುಧಾರಿಸಿತು. ಸಬ್‌ಥಲಾಮಿಕ್‌ನಲ್ಲಿ ಮಾತ್ರೆ ಹೆಚ್ಚು ಇಳಿಯಿತು, ಆದ್ರೆ ಖಿನ್ನತೆಯ ಅಂಕ ಸ್ವಲ್ಪ ಕೆಟ್ಟಿತು. ಪ್ಯಾಲಿಡಸ್‌ನಲ್ಲಿ ಸ್ವಲ್ಪ ಸುಧಾರಿಸಿತು.

ಮೂರು: ಮಾತ್ರೆ ಇಳಿಸೋದು ಹೆಮ್ಮೆಯ ಲೆಕ್ಕ ಆಗಬಾರದು. ನಿಧಾನವಾಗಿ ಇಳಿಸಬೇಕು, ಮನಸ್ಸು ಇಳಿದರೆ ಮತ್ತೆ ಏರಿಸಲು ಸಿದ್ಧರಿರಬೇಕು. ಇದು ಡಾಕ್ಟರ ಕೆಲಸ. ಮನೆಯಲ್ಲಿ ನೀವಾಗಿ ಬದಲಾಯಿಸಬೇಡಿ.

ನಾಲ್ಕು: ಫಾಲೋಅಪ್‌ನಲ್ಲಿ "ಬೆರಳು ಆಡಿಸಿ, ನಡೆದು ತೋರಿಸಿ" ಜೊತೆಗೆ ಇನ್ನೊಂದು ಪ್ರಶ್ನೆ ಇರಲಿ: "ಈ ವಾರ ಯಾರೂ ಹೇಳದೆ ನೀವಾಗಿ ಏನು ಮಾಡಿದ್ರಿ?" ಉತ್ತರ ಮನೆಯವರೂ ಹೇಳಲಿ.

ಇದನ್ನೆಲ್ಲ ಹೇಳಿದರೆ ಜನ ಹೆದರಿ ಆಪರೇಷನ್ನೇ ಬೇಡ ಅಂತಾರೆ ಅನ್ನೋ ವಾದ ಇದೆ. ಕೆಲವರು ಹೆದರಬಹುದು, ಒಪ್ಪುತ್ತೇನೆ. ಆದ್ರೆ ಡಿಬಿಎಸ್‌ನ ದೊಡ್ಡ ಗುಣವೇ ಅದರ ಸೆಟ್ಟಿಂಗ್ ಬದಲಾಯಿಸಬಹುದು ಅನ್ನೋದು. ಕರೆಂಟ್ ಇಳಿಸಬಹುದು, ಬಿಂದು ಬದಲಿಸಬಹುದು, ಮಾತ್ರೆ ಸೇರಿಸಬಹುದು. ಯಾರೂ ಬಾಯಿಬಿಟ್ಟು ಹೇಳದ ತೊಂದರೆಗೆ ಯಾವ ಸೆಟ್ಟಿಂಗ್ ಬದಲಾಯಿಸ್ತಾರೆ? ಸೋಮಾರಿತನ ಅಂತ ಮನೆಯಲ್ಲೇ ಮುಚ್ಚಿಟ್ಟರೆ ಡಾಕ್ಟರಿಗೆ ಗೊತ್ತೇ ಆಗಲ್ಲ.

10/10

ನಿಮಗೆ ಇಪ್ಪತ್ತು ವರ್ಷ. ಪಾರ್ಕಿನ್ಸನ್ ನಿಮ್ಮ ಸಮಸ್ಯೆ ಅಲ್ಲ ಅನ್ನಿಸಬಹುದು. ಆದ್ರೆ ಮನೆಯಲ್ಲಿ ಗೂಗಲ್ ಮಾಡುವವರು ನೀವೇ. ಅಜ್ಜನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಡಾಕ್ಟರ ಇಂಗ್ಲಿಷನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವವರೂ ನೀವೇ. ಐದನೇ ತಿಂಗಳು ಸೋಫಾ ಮೇಲೆ ಸುಮ್ಮನೆ ಕೂತ ಅಜ್ಜನನ್ನು ಮೊದಲು ಗಮನಿಸುವವರೂ ನೀವೇ ಆಗಬಹುದು.

ಆಗ "ಮನಸ್ಸು ಮಾಡಿ ಅಜ್ಜ" ಅನ್ನಬೇಡಿ. ನಡುಗುವ ಕೈಗೆ "ನಡುಗಬೇಡ" ಅಂದ ಹಾಗೆ ಅದು. ಕೈ ಹಿಡಿದು ಎಬ್ಬಿಸಿ, ಜೊತೆಗೆ ಕಟ್ಟೆ ತನಕ ಹೋಗಿ. ಶುರು ಮಾಡಿಕೊಟ್ಟರೆ ಎಷ್ಟೋ ಸಲ ಅವರು ಮುಂದುವರಿಸ್ತಾರೆ. ಮನೆಗೆ ಬಂದು ಡೇಟ್ ಹಾಕಿ ಫೋನ್‌ನಲ್ಲಿ ಬರೆದಿಡಿ: ಇವತ್ತು ತಾವಾಗಿ ಏನು ಮಾಡಿದರು, ಏನು ಮಾಡಲಿಲ್ಲ. ಮುಂದಿನ ಫಾಲೋಅಪ್‌ನಲ್ಲಿ ಆ ಪಟ್ಟಿ ಡಾಕ್ಟರಿಗೆ ತೋರಿಸಿ.

ನಮ್ಮ ಫೀಡ್ ತುಂಬ "ಮನಸ್ಸಿದ್ದರೆ ಮಾರ್ಗ" ಅನ್ನೋ ಮೋಟಿವೇಷನ್ ರೀಲ್‌ಗಳೇ. ಆ ಮನಸ್ಸು ಎಲ್ಲಿಂದ ಬರುತ್ತೆ ಅಂತ ಯಾರೂ ಹೇಳಲ್ಲ. ಮಿದುಳಿನ ಒಂದು ದಾರಿಯಲ್ಲಿ ಡೋಪಮೈನ್ ಕಡಿಮೆಯಾದರೆ ಎಂಥ ಛಲಗಾರನಿಗೂ ಮನಸ್ಸು ಬರದೇ ಹೋಗಬಹುದು. ಇದು ಗೊತ್ತಾದ ಮೇಲೆ ಯಾರನ್ನಾದರೂ ಸೋಮಾರಿ ಅನ್ನೋ ಮುಂಚೆ ನಾನು ಸ್ವಲ್ಪ ತಡೆದು ಯೋಚಿಸ್ತೀನಿ. ನನ್ನ ಬ್ರೇಕ್ ಸದ್ಯಕ್ಕೆ ಸರಿಯಾಗಿದೆ.

ಆ ರೀಲ್ ಮತ್ತೆ ಬಂದ್ರೆ ಲೈಕ್ ಮಾಡಿ, ಅದು ಲೈಕ್‌ಗೆ ಯೋಗ್ಯ. ಕಾಮೆಂಟ್‌ನಲ್ಲಿ ಒಂದು ಪ್ರಶ್ನೆಯನ್ನೂ ಹಾಕಿ: "ಈಗ ಅವರು ಹೇಗಿದ್ದಾರೆ?"

ಸೇವ್ ಮಾಡಿಕೊಳ್ಳಿ. ಮನೆಯಲ್ಲಿ ಪಾರ್ಕಿನ್ಸನ್ ಇರುವ ಗೆಳೆಯ ಗೆಳತಿಯರಿಗೆ ಕಳಿಸಿ.

#ಮನಸ್ಸುಮಿದುಳು #ಪಾರ್ಕಿನ್ಸನ್ #ಡಿಬಿಎಸ್ #ಕನ್ನಡದಲ್ಲಿವಿಜ್ಞಾನ